ಬೇಸಿಗೆಯ ಹಿತ್ತಿಲು, ಕ್ಯಾಮೆರಾ ಮತ್ತು ಹಕ್ಕಿಯ ಗೂಡು



ಉಷ್ಣತೆ 40 ಡಿಗ್ರಿ ದಾಟುವ ನಮ್ಮ ಕೊಪ್ಪಳ ಸೀಮೆಯ ಬೇಸಿಗೆಯನ್ನು ಬೈಯದವರಿಲ್ಲ. ಆದರೆ ಮನೆಯ ಹಿತ್ತಿಲಿನ ಜೀವಲೋಕಕ್ಕೆ ಇದು ಸಂಭ್ರಮದ ಕಾಲ. ಯುಗಾದಿಯ ಹೊತ್ತಿಗೆ ಬೇವು ಹೂಬಿಟ್ಟು ಜೇನ್ನೊಣಗಳನ್ನು ಕರೆಯುತ್ತದೆ. ಗಂಡು ಓತಿಕ್ಯಾತ ಕತ್ತನ್ನು ಕೆಂಪಾಗಿಸಿಕೊಂಡು ಬೇಲಿಯ ಮೇಲೆ ದಂಡ ಹೊಡೆಯುತ್ತದೆ. ನೇರಳೆ ಹೊಳಪಿನ ಗಂಡು ಸೂರಕ್ಕಿ ದಾಸವಾಳಕ್ಕೆ ಬರುತ್ತದೆ. ಕೋಗಿಲೆಯ ಗಂಡು ಕೂಗುತ್ತಿರುವಾಗ ಹೆಣ್ಣು ಸದ್ದಿಲ್ಲದೆ ಕಾಗೆಯ ಗೂಡನ್ನು ಹುಡುಕುತ್ತಿರುತ್ತದೆ.

ಈಗ ಎಲ್ಲರ ಕೈಯಲ್ಲೂ ಫೋನಿನ ಕ್ಯಾಮೆರಾ ಇದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಗಂಗಾವತಿಯಿಂದ ಬೆಳ್ಳಕ್ಕಿಯ ಚಿತ್ರ ಬರುತ್ತದೆ. ಕುಷ್ಟಗಿ, ಯಲಬುರ್ಗಾದ ಒಣಹೊಲಗಳಿಂದ ಟಿಟ್ಟಿಭದ ಚಿತ್ರ ಬರುತ್ತದೆ. ನೀವು ಕಳಿಸುವ ಇಂಥ ಚಿತ್ರಗಳನ್ನು ನಾನು ಸಂತೋಷದಿಂದ ನೋಡುತ್ತೇನೆ. ಆದರೆ ಒಂದು ಬಗೆಯ ಚಿತ್ರ ಮಾತ್ರ ಮನಸ್ಸಿಗೆ ಹಿತವೆನಿಸುವುದಿಲ್ಲ. ಅದು ಗೂಡಿನೊಳಗಿನ ಮೊಟ್ಟೆಗಳ ಮತ್ತು ಬಾಯ್ದೆರೆದ ಮರಿಗಳ ಚಿತ್ರ. ಅದನ್ನು ಯಾರೂ ತೆಗೆಯಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಕಾರಣ ಸರಳವಾಗಿದೆ. ತಾಯಿ ಹಕ್ಕಿ ಮೊಟ್ಟೆಗೆ ಕಾವು ಕೊಡಲು ಕುಳಿತಿದೆ ಎಂದು ನಾವು ಪಾಠದಲ್ಲಿ ಓದಿದ್ದೇವೆ. ನಮ್ಮ ಮೇ ತಿಂಗಳ ಮಧ್ಯಾಹ್ನ ಅದು ಕೂರುವುದು ನೆರಳು ಕೊಡಲು! ಬಯಲು ನೆಲದಲ್ಲಿ ಮೊಟ್ಟೆಯಿಡುವ ಟಿಟ್ಟಿಭವಂತೂ ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ತೋಯಿಸಿಕೊಂಡು ಬಂದು ಮೊಟ್ಟೆಗಳನ್ನು ತಂಪಾಗಿಡುತ್ತದೆ. ಅಂಥ ಬಿಸಿಲಿನಲ್ಲಿ ತಾಯಿಯನ್ನು ಎಬ್ಬಿಸಿದರೆ ಮೊಟ್ಟೆಯೊಳಗಿನ ಜೀವ ಬೇಯಲು ಹೆಚ್ಚು ಹೊತ್ತು ಬೇಕಿಲ್ಲ. ಪಿಕಳಾರ, ಬೆಳವಗಳ ಗೂಡು ಚೆನ್ನಾಗಿ ಕಾಣಲೆಂದು ನಾವು ಸರಿಸುವ ನಾಲ್ಕು ಎಲೆಗಳೇ ಅದರ ಮಾಳಿಗೆ. ಆ ಮಾಳಿಗೆ ಹೋದಮೇಲೆ ಬಿಸಿಲೂ ಬೀಳುತ್ತದೆ, ಕಾಗೆಯ ಕಣ್ಣೂ ಬೀಳುತ್ತದೆ.

ಕಾನೂನೂ ಈ ಮಾತನ್ನು ಹೇಳುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು 'ಬೇಟೆ' ಎಂಬುದರ ಅರ್ಥವನ್ನು ವಿವರಿಸುವಾಗ, ಕಾಡುಹಕ್ಕಿಗಳ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡುವುದನ್ನೂ ಅದರಲ್ಲಿ ಸೇರಿಸಿದೆ. ಕೋವಿ ಹಿಡಿದವನೊಬ್ಬನೇ ಬೇಟೆಗಾರನಲ್ಲ.

ಚಿತ್ರ ನೋಡಿದರೆ ತಾನೇ ಮಕ್ಕಳಿಗೆ ಹಕ್ಕಿಗಳ ಮೇಲೆ ಪ್ರೀತಿ ಹುಟ್ಟುವುದು ಎಂದು ಕೆಲವರು ವಾದಿಸುತ್ತಾರೆ. ಒಪ್ಪುತ್ತೇನೆ. ಆದರೆ ಆ ಪ್ರೀತಿಗೆ ಗೂಡಿನ ಒಳಗಿನ ಚಿತ್ರವೇ ಬೇಕಿಲ್ಲ. ಕೊಕ್ಕಿನಲ್ಲಿ ಹುಳು ಹಿಡಿದು ತಂತಿಯ ಮೇಲೆ ಕುಳಿತ ಪಿಕಳಾರವನ್ನು ಕಿಟಕಿಯಿಂದಲೇ ತೆಗೆಯಿರಿ; ಮರಿಗಳ ಕಥೆಯೆಲ್ಲ ಅದರಲ್ಲಿದೆ. ಪೂರ್ಣಚಂದ್ರ ತೇಜಸ್ವಿಯವರು (1938–2007) ಮೂಡಿಗೆರೆಯಲ್ಲಿ ನೆಲೆಸಿ ತಮ್ಮ ಸುತ್ತಲಿನ ಹಕ್ಕಿಗಳನ್ನೇ ಕ್ಯಾಮೆರಾದಲ್ಲಿ ಸೆರೆಹಿಡಿದರು. ನೋಡುವ ತಾಳ್ಮೆ ಇದ್ದವನಿಗೆ ದೂರದ ಅರಣ್ಯ ಬೇಕಿಲ್ಲ.

ಆದ್ದರಿಂದ ನನ್ನ ಸಲಹೆ ಇಷ್ಟು. ಹಿತ್ತಿಲಿನ ನೆರಳಿನಲ್ಲಿ ಅಗಲ ಬಾಯಿಯ, ಆಳವಿಲ್ಲದ ಮಣ್ಣಿನ ತಟ್ಟೆಯಿಟ್ಟು ನೀರು ತುಂಬಿ. ಜೇನ್ನೊಣ, ಚಿಟ್ಟೆಗಳು ಕೂರಲು ಅದರಲ್ಲಿ ಒಂದೆರಡು ಕಲ್ಲುಗಳಿರಲಿ. ಸೊಳ್ಳೆಯಾಗದಂತೆ ನೀರನ್ನು ದಿನವೂ ಬದಲಿಸಿ. ಬೆಳಿಗ್ಗೆ 8ರೊಳಗೆ ಅಥವಾ ಸಂಜೆ 5ರ ನಂತರ ಹತ್ತು ಹದಿನೈದು ಅಡಿ ದೂರದಲ್ಲಿ ಅಲುಗಾಡದೆ ಕುಳಿತುಕೊಳ್ಳಿ. ಆ ಹೊತ್ತಿನ ಓರೆಬಿಸಿಲು ಚಿತ್ರಕ್ಕೂ ಒಳ್ಳೆಯದು. ಪ್ರತಿ ಚಿತ್ರಕ್ಕೂ ದಿನಾಂಕ, ಊರು ಬರೆದಿಡಿ. ಹತ್ತು ವರ್ಷ ಹೀಗೆ ಬರೆದಿಟ್ಟರೆ, ಬೇವು ಹೂಬಿಡುವ ದಿನ, ಸೂರಕ್ಕಿ ಬಣ್ಣ ತಳೆಯುವ ದಿನ ಹಿಂದುಮುಂದಾಗಿದೆಯೇ ಎಂಬುದನ್ನು ನಿಮ್ಮ ಹಿತ್ತಿಲೇ ಹೇಳುತ್ತದೆ.

ಗೂಡು ಕಂಡರೆ? ಹಿಂದಿರುಗಿ ನಡೆಯಿರಿ. ಮರಿಗಳು ಹಾರಿಹೋದ ಮೇಲೆ ಬರಿದಾದ ಗೂಡಿನ ಚಿತ್ರ ತೆಗೆದು ಕಳಿಸಿ. ಅದನ್ನು ನೋಡಲು ನಾನು ಕಾದಿರುತ್ತೇನೆ.