ಸಂತೆಯಲ್ಲಿ ಕುದುರೆ ಬರೆಯುವ ಹುಡುಗಿ

ಹುಡುಗಿಯರು ಚಿತ್ರ ಬರೆಯಬಾರದೆಂದು ನಮ್ಮ ಊರುಗಳಲ್ಲಿ ಯಾರೂ ಹೇಳುವುದಿಲ್ಲ. ರಂಗೋಲಿ ಹಾಕಲಿ, ಮೆಹಂದಿ ಬಿಡಿಸಲಿ, ಕ್ಯಾಲೆಂಡರ್ ನೋಡಿ ನವಿಲು ಬರೆದು ಪಡಸಾಲೆಯಲ್ಲಿ ತೂಗುಹಾಕಲಿ. ಬೀಗರು ಬಂದಾಗ ತೋರಿಸಲಿಕ್ಕೂ ಆಯಿತು. ಅದೇ ಹುಡುಗಿ ಪೆನ್ಸಿಲ್ಲು ಹಿಡಿದು ಬೀದಿಯಲ್ಲಿ ಒಂದು ಜೀವಂತ ಪ್ರಾಣಿಯ ಮುಂದೆ ಅರ್ಧ ತಾಸು ನಿಂತಳೋ, ಮುಗಿಯಿತು.

ಸುಗ್ಗಿ ಮುಗಿದ ಮೇಲೆ ಕುಷ್ಟಗಿ, ಯಲಬುರ್ಗಾ ಕಡೆ ಹೊಲಗಳಲ್ಲಿ ಕುರಿ ತರುಬಲು ಕುರಿಗಾರರು ಬರುತ್ತಾರಲ್ಲ, ಅವರ ಗಿಡ್ಡ ಕುದುರೆಗಳನ್ನು ನೋಡಿದ್ದೀರಿ. ಬೆನ್ನ ಮೇಲೆ ಇಡೀ ಸಂಸಾರ, ಪಕ್ಕದ ಚೀಲದಲ್ಲಿ ಆಗತಾನೆ ಹುಟ್ಟಿದ ಮರಿಗಳು. ನಮ್ಮ ಪಕ್ಕದ ಮನೆಯ ಹುಡುಗಿ ಅಂಥದೊಂದನ್ನು ರಸ್ತೆ ಬದಿಗೆ ನಿಂತು ಬರೆಯುತ್ತಿದ್ದಳು. ಅವಳ ಚಿಕ್ಕಮ್ಮ ಕೈ ಹಿಡಿದು ಎಳೆದುಕೊಂಡು ಬಂದರು. “ಕುದುರಿ ನೋಡ್ತಿದ್ದೇನ, ಕುದುರಿ ಹಿಡದಾಂವನ್ನ ನೋಡ್ತಿದ್ದೇನ?” ಕುದುರೆ ಹಿಡಿದಿದ್ದವಳು ಅರವತ್ತು ದಾಟಿದ ಮುದುಕಿ!

“ಕಿನ್ನಾಳದ ಚಿತ್ರಗಾರರು ಎದುರಿಗೆ ಕುದುರೆ ನಿಲ್ಲಿಸಿಕೊಂಡು ಗೊಂಬಿ ಮಾಡ್ತಾರೇನ್ರಿ?” ಎಂದು ವಾದಿಸುವವರಿದ್ದಾರೆ. ಇಲ್ಲದಿರಬಹುದು. ಅವರ ಕೈಯಲ್ಲಿ ತಲೆಮಾರುಗಳ ಅಳತೆ ಕೂತಿದೆ. ನಮ್ಮ ಹುಡುಗಿಗೆ ಆ ಅಳತೆಯೂ ಇಲ್ಲ, ಕುದುರೆಯೂ ಇಲ್ಲ; ಇರುವುದು ಕ್ಯಾಲೆಂಡರ್ ಒಂದೇ.

ಗಂಗಾವತಿ ಹತ್ತಿರದ ಹಿರೇಬೆಣಕಲ್ ಗುಡ್ಡದ ಕಲ್ಲಾಸರೆಗಳಲ್ಲಿ ಕುದುರೆ ಸವಾರರ ಚಿತ್ರಗಳಿವೆ. ನೋಡದೆ ಬರೆದದ್ದಲ್ಲ ಅದು. ಬರೆದವರೆಲ್ಲ ಗಂಡಸರೇ ಎಂದು ಯಾರಾದರೂ ಹೋಗಿ ನೋಡಿದ್ದಾರೆಯೇ?

ಫ್ರಾನ್ಸಿನ ಥಿಯೋಡೋರ್ ಜೆರಿಕೋ 1817ರಲ್ಲಿ ರೋಮಿನ ಕಾರ್ನಿವಲ್ ಹಬ್ಬದಲ್ಲಿ ಸವಾರರಿಲ್ಲದ ಕುದುರೆಗಳ ಓಟ ಕಂಡು ಕರಡಿನ ಮೇಲೆ ಕರಡು ಬರೆದ. ಅಂದುಕೊಂಡ ದೊಡ್ಡ ಚಿತ್ರ ಆಗಲೇ ಇಲ್ಲ. ಆ ಕರಡುಗಳನ್ನೇ ಇಂದು ಮ್ಯೂಸಿಯಮ್ಮುಗಳು ಜೋಪಾನವಾಗಿ ಇಟ್ಟಿವೆ. ಅವನೇ 1821ರಲ್ಲಿ ಎಪ್ಸಮ್ ರೇಸು ಬರೆಯುವಾಗ ಇಂಗ್ಲಿಷ್ ಅಚ್ಚುಚಿತ್ರಗಳ ರೂಢಿ ಹಿಡಿದು, ನಾಲ್ಕೂ ಕಾಲು ಚಾಚಿ ಹಾರುವ ಕುದುರೆ ಬರೆದ. ಓಡುವ ಕುದುರೆ ಹಾಗಿರುವುದಿಲ್ಲವೆಂದು 1878ರಲ್ಲಿ ಮೈಬ್ರಿಜ್ ತೆಗೆದ ಫೋಟೋಗಳು ತೋರಿಸಿದವು. ಅಂಥವನನ್ನೇ ಅಚ್ಚಿನ ಚಿತ್ರ ದಾರಿ ತಪ್ಪಿಸಿತು!

ಅದೇ ದೇಶದ ರೋಸಾ ಬೊನ್ಯೂರ್ ಎಂಬಾಕೆ ಒಂದೂವರೆ ವರ್ಷ, ವಾರಕ್ಕೆ 2 ಸಲ, ಪ್ಯಾರಿಸ್ಸಿನ ಕುದುರೆ ಸಂತೆಗೆ ಹೋಗಿ ಬರೆದಳು. ಗಂಡಸರು ಕಾಡಬಾರದೆಂದು ಗಂಡಸರದೇ ಉಡುಪು ತೊಟ್ಟಳು. ಹಾಗೆ ತೊಡಲು ಪೊಲೀಸರ ಪರವಾನಗಿ ಬೇಕಿತ್ತು. 1853ರಲ್ಲಿ ಪ್ರದರ್ಶನಗೊಂಡ ಆ ‘ಕುದುರೆ ಸಂತೆ’ 16 ಅಡಿಗೂ ಹೆಚ್ಚು ಅಗಲ, ಈಗ ನ್ಯೂಯಾರ್ಕಿನಲ್ಲಿದೆ.

ನಮ್ಮ ಹುಡುಗಿಯರಿಗೆ ಪ್ಯಾಂಟು, ಪರವಾನಗಿ ಬೇಕಿಲ್ಲ. ಚೂಡಿದಾರದಲ್ಲೇ ನಿಲ್ಲಲಿ. ನಿಮಗೆ ಅಷ್ಟು ಅಂಜಿಕೆಯಿದ್ದರೆ ಪಕ್ಕದಲ್ಲೇ ಶೇಂಗಾ ತಿನ್ನುತ್ತ ನೀವೂ ನಿಲ್ಲಿರಿ. ಮೊದಲ ಹತ್ತು ಹಾಳೆಯ ಕುದುರೆಗಳು ಕತ್ತೆಯ ಹಾಗೆ ಕಾಣುತ್ತವೆ. ನಗಬೇಡಿ. ರದ್ದಿಗೂ ಹಾಕಬೇಡಿ.