ದೂರುವುದೂ ದೂರು ಕೊಡುವುದೂ

ದೂರುವುದು ಸುಲಭ, ದೂರು ಕೊಡುವುದು ಕಷ್ಟ. ನಮ್ಮ ಕಡೆಯ ಹಿರಿಯರು ಕಚೇರಿಯ ಬಾಗಿಲಲ್ಲಿ ಕೈಮುಗಿದು ನಿಂತು, "ಕೆಲ್ಸ ಆಗಿಲ್ರಿ ಸಾಹೇಬ್ರೆ" ಎಂದಷ್ಟೇ ಹೇಳಿ ಹಿಂದಿರುಗಿದವರು. ಏನಾಗಿಲ್ಲ, ಎಂದಿನಿಂದ ಆಗಿಲ್ಲವೆಂದು ಬರೆದುಕೊಡುವ ಅಕ್ಷರಬಲ ಅವರಿಗಿರಲಿಲ್ಲ. ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನು. ಆ ಬಲ ಈಗ ನಮಗೆ ಬಂದಿದೆ. ಗಣಕಯಂತ್ರದ ಮುಂದೆ ಕುಳಿತಾಗ ಅದನ್ನು ಬಳಸುತ್ತಿರುವೆವೆ?

ಸ್ವತಂತ್ರ ತಂತ್ರಾಂಶವೆಂದರೆ ಬಿಟ್ಟಿ ಸರಕಲ್ಲ. ಅದನ್ನು ಯಾರಾದರೂ ಬಳಸಬಹುದು, ಒಳಗನ್ನು ಓದಬಹುದು, ತಿದ್ದಬಹುದು, ಹಂಚಬಹುದು. 1983ರಲ್ಲಿ ರಿಚರ್ಡ್ ಸ್ಟಾಲ್ಮನ್ನರು ಗ್ನೂ ಯೋಜನೆಯನ್ನು ಸಾರಿದಂದಿನಿಂದ ಈ ತತ್ತ್ವ ಬೆಳೆದುಬಂದಿದೆ. ಫೈರ್‌ಫಾಕ್ಸ್, ಲಿಬ್ರೆ ಆಫೀಸ್‌ಗಳೂ ಕನ್ನಡದ ಗುಬ್ಬಿ, ನವಿಲು ಅಕ್ಷರಶೈಲಿಗಳೂ ಈ ಬಳಗದವೇ. ಆದರೆ ಇಂಥ ದೊಡ್ಡ ತಂತ್ರಾಂಶಗಳನ್ನು ಕಟ್ಟುವವರಲ್ಲಿ ಬಹುಮಂದಿ ಕನ್ನಡ ಓದಲಾರರು. ಒತ್ತಕ್ಷರ ಒಡೆದು ಬಿದ್ದಿದ್ದರೂ ಅವರ ಕಣ್ಣಿಗೆ ಅದು ಸರಿಯಾಗಿಯೇ ಕಾಣುತ್ತದೆ. ನಾವು ಹೇಳದಿದ್ದರೆ ಹೇಳುವವರಾರು?

"ಕನ್ನಡ ಸರಿಯಾಗಿ ಬರುವುದಿಲ್ಲ" ಎಂದರೆ ಯಾರಿಗೂ ಏನೂ ತಿಳಿಯದು. ಏನು ಮಾಡಿದೆ, ಏನಾಗಬೇಕಿತ್ತು, ಏನಾಯಿತು, ಯಾವ ತಂತ್ರಾಂಶದ ಎಷ್ಟನೆಯ ಆವೃತ್ತಿಯಲ್ಲಿ, ಯಾವ ಅಕ್ಷರಶೈಲಿಯಲ್ಲಿ ಎಂಬುದನ್ನು ಬರೆಯಬೇಕು. ಓದಿದವನು ತನ್ನ ಯಂತ್ರದಲ್ಲಿ ಅದೇ ದೋಷವನ್ನು ಮತ್ತೆ ಹುಟ್ಟಿಸಿ ನೋಡುವಂತಿರಬೇಕು. ಕಂಡದ್ದು ಮೊದಲು, ಊಹೆ ಕೊನೆಗೆ. ಒಂದು ದೂರಿನಲ್ಲಿ ಒಂದೇ ದೋಷ. ಬೇರೊಬ್ಬರು ಮೊದಲೇ ತಿಳಿಸಿರುವರೇ ಎಂದು ಹುಡುಕಿ ನೋಡುವುದೂ ಅವಶ್ಯ.

ಒಂದು ನಿದರ್ಶನ: 'ಸೂರ್ಯ' ಎಂಬಲ್ಲಿ ಅರ್ಕಾವತ್ತು ಬರುವುದು ಸರಿ. 'ರ‍್ಯಾಂಕ್' ಎಂಬಲ್ಲಿ ರಕಾರಕ್ಕೆ ಯಕಾರದ ಒತ್ತು ಬೇಕು. ಅದಕ್ಕಾಗಿ ನಡುವೆ ಕಣ್ಣಿಗೆ ಕಾಣದ ಜೋಡಣೆಯ ಸಂಕೇತವೊಂದನ್ನು ಸೇರಿಸಬೇಕು. ಸೇರಿಸದೆ ಅರ್ಕಾವತ್ತು ಬಂದರೆ ದೋಷವಲ್ಲ. ಸೇರಿಸಿದ ಮೇಲೂ ಬಂದರೆ ದೋಷ. ಆದ್ದರಿಂದ ತೆರೆಯ ಚಿತ್ರವೊಂದೇ ಸಾಲದು, ಆ ಪದವನ್ನು ಅಕ್ಷರರೂಪದಲ್ಲಿಯೂ ಕೊಡಬೇಕು. ಕಾಣದ ಸಂಕೇತ ಚಿತ್ರದಲ್ಲಿ ಸಿಕ್ಕದಷ್ಟೆ.

ಇನ್ನೊಂದು ನಮ್ಮ ನೆಲದ್ದೇ. ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಸೇರಿತು. ಈಗ ಅದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿಗಳೊಡನೆ 2021ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಯಲ್ಲಿದೆ. ಯಾವುದಾದರೂ ತಂತ್ರಾಂಶದ ಊರಪಟ್ಟಿಯಲ್ಲಿ ಅದು ಹಳೆಯ ಜಿಲ್ಲೆಯಲ್ಲಿಯೇ ಉಳಿದಿದ್ದರೆ ಬರ್ಲಿನ್ನಿನವನು ಹೇಗೆ ತಿಳಿದಾನು? ಹರಪನಹಳ್ಳಿಯವನೇ ವರ್ಷವನ್ನೂ ಸರ್ಕಾರದ ಆದೇಶವನ್ನೂ ತೋರಿಸಿ ಹೇಳಬೇಕು.

"ನಾವು ಕಲಾವಿಭಾಗದವರು, ಇಂಗ್ಲಿಷೂ ಅಷ್ಟಕ್ಕಷ್ಟೆ" ಎಂದು ಮಿತ್ರರು ಹಿಂಜರಿಯುವರು. ಇಂಥ ದೂರುಗಳನ್ನು ಹೆಚ್ಚಾಗಿ ಇಂಗ್ಲಿಷಿನಲ್ಲಿಯೇ ಬರೆಯಬೇಕಾಗುವುದು ನಿಜ. ಆದರೆ ಬೇಕಾದುದು ಅಲಂಕಾರವಲ್ಲ, ನಾಲ್ಕು ಸರಳ ವಾಕ್ಯ. ಕನ್ನಡದ ತಪ್ಪನ್ನು ಗುರುತಿಸಲು ಕನ್ನಡ ಬಲ್ಲವನೇ ಬೇಕಲ್ಲವೆ? ಬೈದು ಬರೆಯುವುದು ಸಲ್ಲದು. ಅತ್ತ ಕುಳಿತವರಲ್ಲಿ ಅನೇಕರು ಸಂಬಳವಿಲ್ಲದೆ ದುಡಿಯುವವರು. ಅವರು ಮರಳಿ ಕೇಳಿದರೆ ತಪ್ಪದೆ ಉತ್ತರಿಸಬೇಕು.

ಅರ್ಜಿ ಬರೆಯುವವನು ಬೇಡುತ್ತಾನೆ. ದೋಷವನ್ನು ವರದಿ ಮಾಡುವವನು ಸಾಕ್ಷಿ ನುಡಿಯುತ್ತಾನೆ. ನಮ್ಮ ಹಿರಿಯರಿಗೆ ದೊರೆಯದಿದ್ದ ಆ ಸ್ಥಾನ ನಮಗೆ ದೊರೆತಿರುವಾಗ, ಗೊಣಗಿ ಸುಮ್ಮನಾಗುವುದು ಪದವೀಧರರಿಗೆ ಒಪ್ಪುವ ಮಾತಲ್ಲ.