ಒಳ್ಳೆ ಊರು ಅಂದ್ರೆ ಯಾರು?

ಕಪ್ಪು ಬಣ್ಣದ ಹುಡುಗಿ, ಅದರಲ್ಲೂ ಹುಡುಗಿಯನ್ನೇ ಪ್ರೀತಿಸುವವಳು, ನೆಮ್ಮದಿಯಲ್ಲಿ ಇರ್ಲಿಕ್ಕೆ ಯಾವ ಊರು ಒಳ್ಳೇದು? ಬೆಂಗಳೂರು ಅಂತಾರೆ. ಅಲ್ಲಿ 2008ರಿಂದ ಪ್ರೈಡ್ ಮೆರವಣಿಗೆ ಉಂಟು. ಇಂಥ ಪ್ರೀತಿ ಅಪರಾಧ ಅಲ್ಲ ಅಂತ 2018ರಲ್ಲಿ ಸುಪ್ರೀಂ ಕೋರ್ಟೂ ಹೇಳಿತು. ಆದ್ರೆ ಅದೇ ಬೆಂಗಳೂರಿನ ಹೆಸರಘಟ್ಟ ಬದಿಯಲ್ಲಿ, 2016ರ ಜನವರಿ 31ಕ್ಕೆ, ಸುಡಾನಿನವನೊಬ್ಬನ ಕಾರು ಒಂದು ಹೆಂಗಸಿಗೆ ಬಡಿದ ಸಿಟ್ಟನ್ನು ಗುಂಪು ತೀರಿಸಿದ್ದು ಆಮೇಲೆ ಆ ದಾರಿಯಲ್ಲಿ ಬಂದ ಟಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ. ಅವಳ ತಪ್ಪು ಎಂತ? ಬಣ್ಣ!

"ಅವರ ದೇಶದಲ್ಲೇ ಇರ್ಲಿ" ಅಂತೀರಾ? ದಕ್ಷಿಣ ಆಫ್ರಿಕಾದಲ್ಲಿ 2006ರಿಂದ ಇಬ್ಬರು ಹೆಂಗಸರು ಮದುವೆಯೇ ಆಗಬಹುದು. ಆದ್ರೂ ಹೆಂಗಸರನ್ನು ಪ್ರೀತಿಸುತ್ತಿದ್ದ ಫುಟ್‌ಬಾಲ್ ಆಟಗಾರ್ತಿ ಯೂಡಿ ಸಿಮೆಲಾನೆಯನ್ನು 2008ರಲ್ಲಿ ಅವಳ ಊರಲ್ಲೇ ಕೊಂದರು.

ಕಾನೂನು ಬೇಕೇ ಬೇಕು. ಆದ್ರೆ ಬಾಗಿಲು ತೆಗೆಯುದು ಕಾನೂನಲ್ಲ, ಮನೆಯವರು. ನಮ್ಮ ಮಣಿಪಾಲಕ್ಕೂ ಹೊರದೇಶದ ಮಕ್ಕಳು ಓದ್ಲಿಕ್ಕೆ ಬರ್ತಾರೆ. ಕಪ್ಪು ಹುಡುಗಿ ರೂಮು ಕೇಳಿದ್ರೆ "ಕೊಟ್ಟಾಯ್ತು" ಅಂತ ಸುಳ್ಳು ಹೇಳುದು ಯಾರು? ಇಬ್ಬರು ಹುಡುಗಿಯರು ಒಟ್ಟಿಗಿದ್ರೆ ಕಿಟಕಿಯಲ್ಲಿ ಇಣುಕುದು ಯಾರು? ಕೋರ್ಟಿನ ಜಡ್ಜಾ? ನಾವೇ ಅಲ್ವಾ ಮಾರಾಯ್ತಿ!

ಬಾಡಿಗೆ ಸರಿ ಕೊಡ್ತಾಳಾ, ನೀರು ಪೋಲು ಮಾಡ್ತಾಳಾ, ಅಷ್ಟು ಕೇಳುವ. ಅವಳ ಚರ್ಮವೂ ಅವಳ ಪ್ರೀತಿಯೂ ನಾನು ಕೊಡುವ ಬೀಗದ ಕೈಗೆ ಸಂಬಂಧಪಟ್ಟದ್ದಲ್ಲ.